ಆಂಗ್ಲ ಕವಿಗಳ ಗ್ರೀಕ್ ಮಾದರಿಯ ನಾಟಕಗಳು

ಮಡಿದುಹೋದ ಮತವೊಂದರ ಮಡಿಲಲ್ಲಿ ಹುಟ್ಟಿ ಬೆಳೆದ ಕಾವ್ಯರೂಪವನ್ನು, ಎರಡು ಸಾವಿರಕ್ಕೂ ಮೀರಿದ ವರ್ಷಗಳ ತರುವಾಯ, ಬೇರೊಂದು ದೇಶದ ಬೇರೊಂದು ಮತದ ಕವಿಗಳು ಎರವು ತಂದರೆ ಅದು ಜೀವಿಸೀತೇ? ವಿಕ್ಟೋರಿಯಾ ರಾಣಿಯ ಆಳಿಕೆಯ ಕಾಲದಲ್ಲಿ (1837–1901) ಇಂಗ್ಲೆಂಡಿನ ಕೆಲವು ಕವಿಗಳು ಗ್ರೀಕರ ರುದ್ರನಾಟಕದ ಕಟ್ಟನ್ನು ಹಿಡಿದು ಆಂಗ್ಲ ಭಾಷೆಯಲ್ಲಿ ಪದ್ಯನಾಟಕಗಳನ್ನು ರಚಿಸಿದರು. ಅವುಗಳಲ್ಲಿ ಮುಖ್ಯವಾದುವು ಬೆರಳೆಣಿಕೆಯಷ್ಟು. ಓದುವವರು ಅಂದೂ ಬಹಳ ಮಂದಿ ಇರಲಿಲ್ಲ. ಆದರೂ ಸಾಹಿತ್ಯದಲ್ಲಿ ಆಸಕ್ತಿಯುಳ್ಳವರು ಅವುಗಳ ಕಥೆಯನ್ನು ತಿಳಿದಿರುವುದು ಲೇಸು. ಏಕೆಂದರೆ ಹೊರಗಿನ ರೂಪವನ್ನು ತಂದು ನಮ್ಮ ನುಡಿಯಲ್ಲಿ ನೆಡುವ ಕೆಲಸ ಕನ್ನಡಿಗರಿಗೂ ಹೊಸತಲ್ಲ.

ಮೊದಲು ಮೂಲದ ಮಾತು. ಅಥೆನ್ಸ್ ನಗರದಲ್ಲಿ ರುದ್ರನಾಟಕವು ಬೇಸರ ಕಳೆಯಲೆಂದು ಹುಟ್ಟಿದುದಲ್ಲ. ಡಯೊನೈಸಸ್ ಎಂಬ ದೇವತೆಯ ವಸಂತೋತ್ಸವದ ಅಂಗವಾಗಿ, ಅಕ್ರಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ, ತೆರೆದ ಆಕಾಶದ ಕೆಳಗೆ ಸಾವಿರಾರು ಪೌರರ ಮುಂದೆ ಅದು ನಡೆಯುತ್ತಿದ್ದಿತು. ಆ ದೇವತೆಯ ಅರ್ಚಕನಿಗೆ ಮುಂದಿನ ಸಾಲಿನಲ್ಲಿ ಗೌರವಪೀಠ. ಕವಿಗಳಿಗೆ ಪರಸ್ಪರ ಸ್ಪರ್ಧೆ. ನಟರು ಮುಖವಾಡ ಧರಿಸುವರು. ಒಂದು ಸಲಕ್ಕೆ ಮಾತನಾಡುವ ನಟರು ಮೂವರಿಗಿಂತ ಹೆಚ್ಚಿಲ್ಲ. ಹನ್ನೆರಡು ಅಥವಾ ಹದಿನೈದು ಮಂದಿಯ ಮೇಳವೊಂದು ಹಾಡುತ್ತ ಕುಣಿಯುತ್ತ, ನಡೆದುದಕ್ಕೆ ಮರುಗುತ್ತ, ನಡೆಯಲಿರುವುದಕ್ಕೆ ಅಂಜುತ್ತ, ಆದಿಯಿಂದ ಅಂತ್ಯದವರೆಗೆ ರಂಗಸ್ಥಳದಲ್ಲಿಯೇ ಇರುವುದು. ಕೊಲೆಯು ಸಾಮಾನ್ಯವಾಗಿ ಪ್ರೇಕ್ಷಕರ ಕಣ್ಣಿಗೆ ಬೀಳದು. ದೂತನು ಓಡಿಬಂದು ಅದನ್ನು ಬಣ್ಣಿಸುವನು. ವಧೆಯನ್ನೂ ಯುದ್ಧವನ್ನೂ ರಂಗದಲ್ಲಿ ತೋರಿಸಬಾರದು, ವಿಷ್ಕಂಭ ಪ್ರವೇಶಕಗಳಲ್ಲಿ ಸೂಚಿಸಬೇಕು ಎಂದು ನಮ್ಮ ದಶರೂಪಕಕಾರನು ಹೇಳುವುದನ್ನು ಓದಿದವರಿಗೆ ಈ ಕಟ್ಟಳೆ ಅಪರಿಚಿತವೆನಿಸದು. ಮುಖ್ಯವಾಗಿ ನೆನಪಿಡತಕ್ಕ ಸಂಗತಿ ಇದು: ರಂಗದ ಮೇಲೆ ಅಪೊಲೊ ದೇವನ ಹೆಸರು ಬಂದಾಗ, ನೋಡುತ್ತ ಕುಳಿತವರು ಆ ದೇವನಿಗೆ ಹರಕೆ ಹೊತ್ತವರು.

ಈ ನೆಲ ಬಿಟ್ಟ ಗಿಡ ಇಂಗ್ಲೆಂಡಿನ ಮಣ್ಣಿನಲ್ಲಿ ಹತ್ತುವುದೇ ಎಂಬುದನ್ನು ವಿಕ್ಟೋರಿಯಾ ಕಾಲಕ್ಕೆ ಮೊದಲೇ ಇಬ್ಬರು ಮಹಾಕವಿಗಳು ಪರೀಕ್ಷಿಸಿದ್ದರು. ಮಿಲ್ಟನ್ ಕವಿಯು 1671ರಲ್ಲಿ ಪ್ರಕಟಿಸಿದ 'ಸ್ಯಾಮ್ಸನ್ ಅಗೊನಿಸ್ಟಿಸ್' ಗ್ರೀಕ್ ಕಟ್ಟಳೆಗಳನ್ನೆಲ್ಲ ಪಾಲಿಸಿದ ಕೃತಿ. ಆದರೆ ಅದರ ವಸ್ತು ಬೈಬಲಿನದು, ದೇವರು ಮಿಲ್ಟನ್ನನ ದೇವರೇ. ಕುರುಡನಾಗಿ ಶತ್ರುಗಳ ಸೆರೆಯಲ್ಲಿ ಗಾಣ ತಿರುಗಿಸುವ ಸ್ಯಾಮ್ಸನ್ನನ ಗೋಳನ್ನು ಬರೆದವನು ತಾನೇ ಕುರುಡನಾಗಿದ್ದ ಕವಿ. ಅಲ್ಲಿ ರೂಪ ಮಾತ್ರ ಎರವು, ಪ್ರಾಣ ಸ್ವಂತದ್ದು. ಷೆಲ್ಲಿಯು 1820ರಲ್ಲಿ ಪ್ರೊಮಿಥಿಯಸ್ಸನ ಕಥೆಯನ್ನು ಎತ್ತಿಕೊಂಡನಾದರೂ ಗ್ರೀಕ್ ಕಟ್ಟಿನ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ಕಟ್ಟನ್ನೂ ವಸ್ತುವನ್ನೂ ಎರಡನ್ನೂ ಗ್ರೀಕರಿಂದಲೇ ತಂದು, ಶುದ್ಧವಾದ ಗ್ರೀಕ್ ನಾಟಕವನ್ನು ಆಂಗ್ಲದಲ್ಲಿ ನಿಲ್ಲಿಸಿ ತೋರಿಸಬೇಕೆಂದು ಹೊರಟವನು ಮ್ಯಾಥ್ಯೂ ಆರ್ನಲ್ಡ್.

ಆರ್ನಲ್ಡನು (1822–1888) ಶಾಲೆಗಳ ಇನ್‌ಸ್ಪೆಕ್ಟರಾಗಿದ್ದನು. 1851ರಿಂದ ಮೂವತ್ತೈದು ವರ್ಷ ಊರೂರು ಸುತ್ತಿ ಮಕ್ಕಳ ಪಾಠ ಒಪ್ಪಿಸಿಕೊಂಡನು. ಇನ್‌ಸ್ಪೆಕ್ಟರುಗಳು ಕವಿಗಳೂ ಆಗಿರಬಹುದೆಂಬ ಶಂಕೆ ಉಪಾಧ್ಯಾಯವರ್ಗದವರಾದ ನಮಗೆ ಸುಲಭವಾಗಿ ಬರುವುದಿಲ್ಲ. ಈತನ ವಿಷಯದಲ್ಲಿ ಅದು ನಿಜ. 1852ರಲ್ಲಿ ಈತನು 'ಎಟ್ನಾ ಗಿರಿಯಲ್ಲಿ ಎಂಪೆಡೊಕ್ಲಿಸ್' ಎಂಬ ನಾಟಕರೂಪದ ಕಾವ್ಯವನ್ನು ಪ್ರಕಟಿಸಿದನು. ನಂಬಿಕೆಯೆಲ್ಲ ಬರಿದಾದ ತತ್ತ್ವಜ್ಞಾನಿಯೊಬ್ಬನು ಅಗ್ನಿಪರ್ವತದ ಬಾಯಿಗೆ ಹಾರಿಕೊಳ್ಳುವ ಕಥೆ ಅದು. ಮರುವರ್ಷವೇ, ತನ್ನ ಕವನಗಳ ಹೊಸ ಸಂಪುಟದಿಂದ, ಕವಿಯೇ ಆ ಕಾವ್ಯವನ್ನು ಹೊರಗಿಟ್ಟನು. ಏಕೆ ಹೊರಗಿಟ್ಟನೆಂಬುದಕ್ಕೆ ದೀರ್ಘವಾದ ಮುನ್ನುಡಿಯನ್ನೂ ಬರೆದನು. ದುಃಖವು ಯಾವ ಕಾರ್ಯಕ್ಕೂ ದಾರಿಯಾಗದೆ ಸುಮ್ಮನೆ ಬೇಯುತ್ತಿರುವ ಸ್ಥಿತಿ ಕಾವ್ಯವಸ್ತುವಾಗಲಾರದು, ಅದರಿಂದ ಓದುಗನಿಗೆ ಸಂಕಟವೇ ಹೊರತು ಆನಂದವಿಲ್ಲ, ಉತ್ತಮವಾದ ಕ್ರಿಯೆಯೇ ಕಾವ್ಯದ ಬೀಜ, ಗ್ರೀಕರು ಇದನ್ನು ಬಲ್ಲವರಾಗಿದ್ದರು ಎಂಬುದು ಅದರ ಸಾರ. ತನ್ನ ಕಾಲದ ಸಂದೇಹವ್ಯಾಧಿಗೆ ಗ್ರೀಕ್ ಶಿಸ್ತನ್ನು ಔಷಧವಾಗಿ ಕುಡಿಯಲು ಹೊರಟ ಕವಿಯನ್ನು ಇಲ್ಲಿ ಕಾಣುತ್ತೇವೆ.

1857ರಲ್ಲಿ ಆರ್ನಲ್ಡನು ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿ ಚುನಾಯಿತನಾದನು. ಆ ಪೀಠದಿಂದ ಲ್ಯಾಟಿನ್ನನ್ನು ಬಿಟ್ಟು ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟವರಲ್ಲಿ ಈತನೇ ಮೊದಲನೆಯವನು. ಆ ಪದವಿಗೆ ಕಾಣಿಕೆಯೆಂಬಂತೆ, 1858ರ ಇಸವಿಯನ್ನು ಹೊತ್ತು 'ಮೆರೊಪೆ' ಹೊರಬಂದಿತು.

ಕಥೆ ಹೀಗಿದೆ. ಮೆಸೀನಿಯಾದ ದೊರೆ ಕ್ರೆಸ್ಫಾಂಟೀಸನನ್ನೂ ಅವನ ಹಿರಿಯ ಮಕ್ಕಳಿಬ್ಬರನ್ನೂ ಕೊಂದು ಪಾಲಿಫಾಂಟೀಸನು ರಾಜ್ಯವೇರಿದ್ದಾನೆ. ವಿಧವೆಯಾದ ರಾಣಿ ಮೆರೊಪೆ ಕಿರಿಯ ಮಗನನ್ನು ಗುಟ್ಟಾಗಿ ಹೊರದೇಶಕ್ಕೆ ಕಳುಹಿಸಿ ಕಾಪಾಡಿದ್ದಾಳೆ. ವರ್ಷಗಳು ಕಳೆದಿವೆ. ಬೆಳೆದ ಮಗನು ಸೇಡು ತೀರಿಸಿಕೊಳ್ಳಲು ವೇಷ ಮರೆಸಿ ಬರುತ್ತಾನೆ. ದೊರೆಯ ನಂಬಿಕೆ ಗಳಿಸುವುದಕ್ಕಾಗಿ, ರಾಜಕುಮಾರನು ಸತ್ತನೆಂದು ಸುದ್ದಿ ಹೇಳುತ್ತಾನೆ. ಇವನೇ ತನ್ನ ಮಗನ ಕೊಲೆಗಾರನೆಂದು ನಂಬಿದ ತಾಯಿ, ನಿದ್ರಿಸುತ್ತಿರುವ ತರುಣನ ಮೇಲೆ ಕೊಡಲಿ ಎತ್ತುತ್ತಾಳೆ. ಆ ಕ್ಷಣದಲ್ಲಿ ಗುರುತು ಸಿಕ್ಕುತ್ತದೆ. ಯೂರಿಪಿಡೀಸನು ಇದನ್ನು ನಾಟಕವಾಗಿ ಬರೆದಿದ್ದನು. ಆ ನಾಟಕವು ಕಳೆದುಹೋಗಿದೆ. ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ, ಪ್ರಮಾದವು ನಡೆಯುವ ಮೊದಲೇ ಅಭಿಜ್ಞಾನವಾಗುವ ಸಂವಿಧಾನಕ್ಕೆ ಈ ಪ್ರಸಂಗವನ್ನೇ ಉದಾಹರಿಸಿ ಮೆಚ್ಚಿದ್ದಾನೆ. ಇಟಲಿಯ ಮಾಫೈ 1713ರಲ್ಲಿ, ಫ್ರಾನ್ಸಿನ ವಾಲ್ಟೇರ್ 1743ರಲ್ಲಿ ಇದೇ ವಸ್ತುವನ್ನು ರಂಗಕ್ಕೆ ತಂದರು. ಅಂದಮೇಲೆ ಆರ್ನಲ್ಡನು ಆಯ್ದ ವಸ್ತುವಿನಲ್ಲಿ ಕೊರತೆಯಿರಲಿಲ್ಲ. ಏಕಸ್ಥಳ, ಏಕದಿನ, ಮೇಳ, ದೂತ, ಪ್ರಾಸವಿಲ್ಲದ ಗೀತಗಳು, ಒಂದಕ್ಕೊಂದು ಸರಿದೂಗುವ ಪದ್ಯಖಂಡಗಳು, ಎಲ್ಲವನ್ನೂ ಅಳೆದು ತೂಗಿ ಇಟ್ಟನು.

ಆದರೆ ನಾಟಕವು ತಣ್ಣಗಾಯಿತು. ಅಂದಿನ ವಿಮರ್ಶಕರು ಹಾಗೆಂದರು. ಇಂದು ಓದಿದರೂ ಹಾಗೆಯೇ ಅನ್ನಿಸುತ್ತದೆ. ಇದು ಜನರ ಮನಸ್ಸನ್ನು ಕಲಕುವುದಕ್ಕಿಂತ ತನ್ನ ಪ್ರಾಧ್ಯಾಪಕಪದವಿಯನ್ನು ಘನತೆಯಿಂದ ಆರಂಭಿಸುವುದಕ್ಕೇ ಹೆಚ್ಚು ತಕ್ಕುದು ಎಂಬರ್ಥದ ಮಾತನ್ನು ಕವಿಯೇ ಸ್ನೇಹಿತೆಯೊಬ್ಬಳಿಗೆ ಬರೆದಿದ್ದಾನೆ.

ಶಾಸ್ತ್ರದಲ್ಲಿ ಲೋಪವಿಲ್ಲದ ಕೃತಿಗೆ ಈ ಗತಿಯೇಕೆ? ಇದಕ್ಕೆ ಉತ್ತರವನ್ನು ನಾವು ಇಂಗ್ಲೆಂಡಿನವರೆಗೆ ಹೋಗಿ ಹುಡುಕಬೇಕಾದುದಿಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನಾಚಾರ್ಯನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಇದನ್ನು ಹೇಳಿದ್ದಾನೆ: ಸಂಧಿಗಳನ್ನೂ ಸಂಧ್ಯಂಗಗಳನ್ನೂ ಜೋಡಿಸುವುದು ರಸಾಭಿವ್ಯಕ್ತಿಗಾಗಿ, ಶಾಸ್ತ್ರದ ನಿಯಮವನ್ನು ಪೂರೈಸಿದೆನೆಂಬ ಒಂದೇ ಇಚ್ಛೆಯಿಂದ ಜೋಡಿಸತಕ್ಕದ್ದಲ್ಲ. ಅದಕ್ಕೆ ಆತನು ಕೊಡುವ ದೃಷ್ಟಾಂತ ವೇಣೀಸಂಹಾರದ ಎರಡನೆಯ ಅಂಕ. ಕುರುಕ್ಷೇತ್ರದಲ್ಲಿ ಬಂಧುಗಳು ಉರುಳುತ್ತಿರುವಾಗ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗುತ್ತಾನೆ. ಏಕೆಂದರೆ ಪ್ರತಿಮುಖಸಂಧಿಗೆ 'ವಿಲಾಸ'ವೆಂಬ ಅಂಗ ಬೇಕೆಂದು ಭರತನ ಮತ. ಭಟ್ಟನಾರಾಯಣನು ಅಂಗವನ್ನು ತಂದನು, ರಸ ಕೆಟ್ಟಿತು. ಆರ್ನಲ್ಡನ ಮೇಳಕ್ಕೂ ಇದೇ ಮಾತು ಸಲ್ಲುತ್ತದೆ. ಆ ಮೆಸೀನಿಯಾದ ಕನ್ಯೆಯರು ದೇವತೆಗಳನ್ನು ಕರೆಯುವುದು ಕರೆಯುವ ಸ್ಥಳ ಬಂದಿದೆಯೆಂದು, ದೇವತೆ ಕೇಳುತ್ತಾನೆಂದಲ್ಲ.

ನ್ಯಾಯವಾಗಿ ಒಂದು ಮಾತನ್ನು ಕೂಡಿಸಬೇಕು. ಆರ್ನಲ್ಡನು ಪಾಲಿಫಾಂಟೀಸನನ್ನು ರಕ್ಕಸನನ್ನಾಗಿ ಮಾಡಲಿಲ್ಲ. ರಾಜ್ಯದ ಹಿತಕ್ಕಾಗಿ ಕೊಂದೆನೆಂದು ನಂಬಿದ, ವಯಸ್ಸಾದ, ದಣಿದ ಅರಸನಾಗಿ ಅವನನ್ನು ಚಿತ್ರಿಸಿದನು. ಅವನು ಹತನಾದ ಮೇಲೆ ಮೆರೊಪೆ ಆ ಶವದ ಮುಂದೆ ನಿಂತು, ನಿನ್ನೊಳಗೆ ಇದ್ದುದೇನೆಂದು ನನಗೆ ಕೊನೆಗೂ ತಿಳಿಯಲಿಲ್ಲವೆಂಬ ಭಾವದಲ್ಲಿ ಆಡುವ ಮಾತುಗಳಿವೆ. ಆ ಕೆಲವು ಸಾಲುಗಳಲ್ಲಿ ಜೀವವಿದೆ. ಆ ಸಂದೇಹ ಕವಿಯದೇ ಆದುದರಿಂದ ಅಲ್ಲಿ ಜೀವ ಬಂದಿತು. ತಾನು ಹೊರಗಿಟ್ಟ ಎಂಪೆಡೊಕ್ಲಿಸ್ ಕಾವ್ಯವನ್ನು ಬ್ರೌನಿಂಗ್ ಕವಿಯ ಒತ್ತಾಯದ ಮೇಲೆ 1867ರಲ್ಲಿ ಆರ್ನಲ್ಡನು ಮತ್ತೆ ಒಳಗೆ ಸೇರಿಸಿಕೊಂಡನು. ಇಂದು ಮೆರೊಪೆಗಿಂತ ಅದನ್ನೇ ಜನ ಓದುತ್ತಾರೆ.

ಮೆರೊಪೆ ಬಂದ ಏಳು ವರ್ಷಗಳ ಮೇಲೆ, 1865ರಲ್ಲಿ, ಇಪ್ಪತ್ತೆಂಟರ ಹರೆಯದ ಕವಿಯೊಬ್ಬನ 'ಕ್ಯಾಲಿಡಾನಿನಲ್ಲಿ ಅಟಲಾಂಟಾ' ಪ್ರಕಟವಾಯಿತು. ಆಲ್ಗರ್ನನ್ ಚಾರ್ಲ್ಸ್ ಸ್ವಿನ್‌ಬರ್ನ್ (1837–1909) ವಿಕ್ಟೋರಿಯಾ ಪಟ್ಟವೇರಿದ ವರ್ಷದಲ್ಲಿಯೇ ಹುಟ್ಟಿದವನು. ಧರ್ಮನಿಷ್ಠವಾದ ಸಿರಿವಂತ ಮನೆತನ, ಈಟನ್ನಿನ ಶಾಲೆ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು. ಪದವಿ ಪಡೆಯದೆಯೇ 1860ರಲ್ಲಿ ಅಲ್ಲಿಂದ ಹೊರಬಿದ್ದನು. ಆದರೆ ಗ್ರೀಕ್ ಭಾಷೆ ಅವನಿಗೆ ನಾಲಗೆಯ ತುದಿಯಲ್ಲಿತ್ತು. ನಾಟಕದ ಮೊದಲಿಗೆ, ತಾನು ಫ್ಲಾರೆನ್ಸಿಗೆ ಹೋಗಿ ಕಂಡು ಬಂದಿದ್ದ ವೃದ್ಧ ಕವಿ ಲ್ಯಾಂಡರನ ಸ್ಮರಣೆಗೆ ಗ್ರೀಕ್ ಪದ್ಯಗಳನ್ನೇ ರಚಿಸಿ ಅರ್ಪಿಸಿದನು. 1863ರಲ್ಲಿ ಅವನ ಸೋದರಿಯೊಬ್ಬಳು ತೀರಿಕೊಂಡಿದ್ದಳು. ಆ ಮರಣದ ನೆರಳು ನಾಟಕದ ಮೇಲೆ ಬಿದ್ದಿದೆಯೆಂದು ಊಹಿಸುವುದು ತಪ್ಪಲ್ಲ.

ವಸ್ತು ಹೋಮರನಿಗಿಂತಲೂ ಹಳೆಯದು. ಕ್ಯಾಲಿಡಾನಿನ ಅರಸ ಈನ್ಯೂಸನು ಎಲ್ಲ ದೇವತೆಗಳಿಗೂ ಬಲಿಯಿತ್ತು ಆರ್ಟೆಮಿಸ್ ದೇವಿಯೊಬ್ಬಳನ್ನು ಮರೆತನು. ಅವಳು ಮುನಿದು ಮಹಾವರಾಹವೊಂದನ್ನು ಹೊಲಗಳ ಮೇಲೆ ಬಿಟ್ಟಳು. ಅದರ ಬೇಟೆಗೆ ನೆರೆದ ವೀರರಲ್ಲಿ ಅರಸನ ಮಗ ಮೆಲಿಯೇಗರನೂ, ಆರ್ಕೇಡಿಯಾದ ಬೇಟೆಗಾತಿ ಕನ್ಯೆ ಅಟಲಾಂಟೆಯೂ ಇದ್ದರು. ಮೊದಲ ಗಾಯ ಅವಳದು, ಕೊಂದವನು ಇವನು. ಮೆಚ್ಚಿ ಒಲಿದು ಹಂದಿಯ ತೊಗಲನ್ನು ಅವಳಿಗೇ ಒಪ್ಪಿಸಿದನು. ಹೆಂಗಸಿಗೆ ಈ ಮರ್ಯಾದೆಯೇ ಎಂದು ಅವನ ಸೋದರಮಾವಂದಿರಿಬ್ಬರು ಕೆರಳಿ ಅದನ್ನು ಕಿತ್ತುಕೊಳ್ಳಹೋದರು. ಅವರನ್ನು ಅವನು ಅಲ್ಲಿಯೇ ಕೊಂದನು.

ಇನ್ನು ಅವನ ತಾಯಿ ಆಲ್ಥಿಯಾ. ಮಗನು ಹುಟ್ಟಿದಾಗ ವಿಧಿದೇವತೆಯರು ಮೂವರು ಬಂದು, ಒಲೆಯಲ್ಲಿ ಉರಿಯುತ್ತಿರುವ ಆ ಕೊಳ್ಳಿ ಬೂದಿಯಾಗುವವರೆಗೆ ಇವನ ಆಯುಸ್ಸು ಎಂದು ನುಡಿದಿದ್ದರು. ಬಾಣಂತಿ ಹಾಸಿಗೆಯಿಂದ ಹಾರಿ ಕೊಳ್ಳಿಯನ್ನು ಬರಿಗೈಯಿಂದ ಹಿಡಿದು ಆರಿಸಿ ಪೆಟ್ಟಿಗೆಯಲ್ಲಿಟ್ಟಳು. ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವವಿಟ್ಟ ರಕ್ಕಸನ ಕಥೆಯನ್ನು ಅಜ್ಜಿಯರಿಂದ ಕೇಳಿ ಬೆಳೆದ ನಮಗೆ ಈ ಕಲ್ಪನೆ ಪರಕೀಯವಲ್ಲ. ಆದರೆ ನಮ್ಮ ಕಥೆಯಲ್ಲಿ ಗಿಣಿಯ ಕತ್ತು ಹಿಚುಕುವವನು ವೈರಿ. ಇಲ್ಲಿ ಕೊಳ್ಳಿಯನ್ನು ಬೆಂಕಿಗೆ ಹಾಕುವವಳು ಹೆತ್ತವಳು. ಒಂದೇ ಹೊಟ್ಟೆಯ ಸೋದರರ ಹೆಣಗಳು ಮನೆಗೆ ಬರುತ್ತವೆ. ಕೊಂದವನು ತನ್ನ ಮಗ. ಇಲಿಯಡ್ಡಿನಲ್ಲಿ ತಾಯಿ ಮಗನನ್ನು ಶಪಿಸುತ್ತಾಳೆಯೇ ಹೊರತು ಕೊಳ್ಳಿಯ ಮಾತಿಲ್ಲ. ಈಸ್ಕಿಲಸ್ಸನ ಮೇಳವೊಂದು ಕೊಳ್ಳಿಯ ಕಥೆಯನ್ನು ನೆನೆಯುತ್ತದೆ. ರೋಮಿನ ಓವಿಡನು ವಿಸ್ತರಿಸಿ ಹೇಳಿದ್ದಾನೆ. ಯೂರಿಪಿಡೀಸನು ಬರೆದ ನಾಟಕದಲ್ಲಿ ಚೂರುಗಳು ಮಾತ್ರ ಉಳಿದಿವೆ. ಹೀಗೆ ಮಾದರಿಯೇ ಇಲ್ಲದ ಎಡೆಯಲ್ಲಿ ಸ್ವಿನ್‌ಬರ್ನನ ಆಲ್ಥಿಯಾ ಎದ್ದು ನಿಲ್ಲುತ್ತಾಳೆ.

ಈ ನಾಟಕವನ್ನು ಹೊಗಳುವವರೆಲ್ಲ ಅದರ ಮೇಳಗೀತಗಳನ್ನು ಹೊಗಳುತ್ತಾರೆ. ವಸಂತಾಗಮನದ ಮೊದಲ ಹಾಡಿನ ಓಟವನ್ನು ಕಂಡು ಆಂಗ್ಲ ಛಂದಸ್ಸಿಗೆ ಹೊಸ ರಕ್ತ ಬಂದಿತೆಂದರು. ಅದು ಸತ್ಯವೇ. ಆದರೂ ನಮ್ಮ ಅಭಿಪ್ರಾಯದಲ್ಲಿ ಹಾಡುಗಳ ಇಂಪಿಗಿಂತ ಆಲ್ಥಿಯಳ ಪಾತ್ರವೇ ಹಿರಿದು. ಅವಳು ಕ್ರೂರೆಯಲ್ಲ. ಮೊದಲಿನಿಂದಲೂ ಧರ್ಮ, ಮನೆತನ, ಮರ್ಯಾದೆ ಎಂದು ಮಗನಿಗೆ ಬುದ್ಧಿ ಹೇಳುವವಳು ಅವಳೇ. ತವರಿನ ಅಂಗಳದಲ್ಲಿ ಜತೆಯಾಗಿ ಆಡಿದ ಒಡಹುಟ್ಟಿದವರ ಋಣ ಒಂದು ಕಡೆ, ಹಾಲೂಡಿಸಿದ ಋಣ ಇನ್ನೊಂದು ಕಡೆ. ಎರಡೂ ಧರ್ಮ, ಎರಡರಲ್ಲೂ ಅಧರ್ಮ. ಅವಳು ಕೊಳ್ಳಿಯನ್ನು ಬೆಂಕಿಗಿಡುತ್ತಾಳೆ, ಅದರೊಡನೆ ತಾನೂ ಬೇಯುತ್ತಾಳೆ. ಆಲ್ಥಿಯಾ ಎಂಬ ಹೆಸರಿಗೆ ಗ್ರೀಕಿನಲ್ಲಿ 'ವಾಸಿಮಾಡುವವಳು' ಎಂಬ ಅರ್ಥವುಂಟು. ಆ ಹೆಸರು ಇನ್ನು ತಲೆಕೆಳಗಾಯಿತೆಂದು ಹೇಳಿ, ಮುಂದೆ ತುಟಿ ತೆರೆಯೆನೆಂದು ಮೌನಕ್ಕೆ ಇಳಿಯುತ್ತಾಳೆ. ಅತ್ತ ಮೆಲಿಯೇಗರನು ಮೈಯೊಳಗೆ ಕಾಣದ ಬೆಂಕಿ ಹತ್ತಿ, ರಂಗದ ಮೇಲೆಯೇ ಸ್ವಲ್ಪ ಸ್ವಲ್ಪವಾಗಿ ಬೂದಿಯಾಗುತ್ತ, ಕೊಂದ ತಾಯಿಗೆ ಕ್ಷಮೆ ಹೇಳಿ ಸಾಯುತ್ತಾನೆ.

ಇದೆಲ್ಲದರ ನಡುವೆ ಮೇಳವು ಒಂದು ಹಾಡಿನಲ್ಲಿ ದೇವರ ಮೇಲೆಯೇ ಏರಿಹೋಗುತ್ತದೆ. ಮನುಷ್ಯನಿಗೆ ಆಸೆಯನ್ನು ಕೊಟ್ಟು ಫಲವನ್ನು ಕಸಿದುಕೊಳ್ಳುವವನು, ಕಣ್ಣೀರನ್ನು ಸೃಷ್ಟಿಸಿದವನು, ಅವನೇ ಪರಮ ಕೇಡು ಎಂದು ನೇರವಾಗಿ ದೂಷಿಸುತ್ತದೆ. ಟೆನಿಸನ್ ಮಹಾಕವಿಯು ಛಂದಸ್ಸನ್ನು ಮನಸಾರೆ ಮೆಚ್ಚಿ ತರುಣನಿಗೆ ಕಾಗದ ಬರೆದನು. ಜತೆಯಲ್ಲಿಯೇ, ಯೆಹೂದ್ಯ ಪ್ರವಾದಿಗಳ ಧಾಟಿಯಲ್ಲಿ ಗ್ರೀಕ್ ಮೇಳವೊಂದು ದೇವರನ್ನು ಬಯ್ಯುವುದು ನ್ಯಾಯವೇ ಎಂದೂ ಕೇಳಿದನು. ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ ಪರಮ ಆಸ್ತಿಕೆ; ಸ್ವಿನ್‌ಬರ್ನನ ಸ್ನೇಹಿತನಾಗಿದ್ದು ಇದೇ ಪುಸ್ತಕದ ರಟ್ಟಿನ ಅಲಂಕಾರವನ್ನು ರಚಿಸಿದ ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿಯ ತಂಗಿ. ಆಕೆ ತನ್ನ ಪ್ರತಿಯಲ್ಲಿ ಆ ನಿಂದೆಯ ಭಾಗದ ಮೇಲೆ ಕಾಗದದ ಪಟ್ಟಿಯನ್ನು ಅಂಟಿಸಿಕೊಂಡು ಉಳಿದುದನ್ನು ಸಂತೋಷವಾಗಿ ಓದಿದಳಂತೆ.

ಟೆನಿಸನ್ನನ ಪ್ರಶ್ನೆ ಮರ್ಮಕ್ಕೆ ತಾಗುವಂಥದು. ಸ್ವಿನ್‌ಬರ್ನನು ಬಯ್ಯುತ್ತಿದ್ದುದು ಆರ್ಟೆಮಿಸಳನ್ನಲ್ಲ. ಜ್ಯೂಸ್ ದೇವನನ್ನೂ ಅಲ್ಲ. ಬಾಲ್ಯದಲ್ಲಿ ತನ್ನ ಮನೆಯವರೊಡನೆ ಮೊಣಕಾಲೂರಿ ಯಾರನ್ನು ಪ್ರಾರ್ಥಿಸಿದ್ದನೋ ಆ ದೇವರನ್ನು. ಆದುದರಿಂದ ನಾಟಕವು ಗ್ರೀಕ್ ಆಗಿ ಉಳಿಯಲಿಲ್ಲ ಎಂದು ಪಂಡಿತರು ಆಕ್ಷೇಪಿಸುವುದು ಯುಕ್ತವೇ. ಆದರೆ ಅದೇ ಕಾರಣದಿಂದ ಅದು ಬದುಕಿತು. ಭಾಗವತದ ಏಳನೆಯ ಸ್ಕಂಧದ ಆದಿಯಲ್ಲಿ, ಶಿಶುಪಾಲನ ಸದ್ಗತಿಯನ್ನು ಕಂಡು ಬೆರಗಾದ ಯುಧಿಷ್ಠಿರನಿಗೆ ನಾರದರು ಹೇಳುವ ಸಮಾಧಾನವು ಇಲ್ಲಿ ನೆನಪಾಗುತ್ತದೆ: ವೈರದಿಂದ ಉಂಟಾಗುವ ತನ್ಮಯತೆ ಭಕ್ತಿಯೋಗದಿಂದಲೂ ಉಂಟಾಗದು. ಮಿಲ್ಟನ್ನನಿಗೆ ಭಕ್ತಿಯಿತ್ತು, ಸ್ವಿನ್‌ಬರ್ನನಿಗೆ ವಿರೋಧಭಕ್ತಿಯಿತ್ತು. ಆರ್ನಲ್ಡನಿಗೆ ಮೆಸೀನಿಯಾದ ದೇವತೆಗಳೊಡನೆ ಸ್ನೇಹವೂ ಇಲ್ಲ, ಜಗಳವೂ ಇಲ್ಲ, ಗೌರವ ಮಾತ್ರ. ಗ್ರೀಕ್ ನಾಟಕದ ಮಧ್ಯದಲ್ಲಿ ದೇವರಿಗೆಂದು ಬಿಟ್ಟ ಒಂದು ಪೀಠವಿದೆ. ಅದರಲ್ಲಿ ಆರಾಧ್ಯನು ಕೂಡಬೇಕು, ಇಲ್ಲವೇ ಆರೋಪಿಯು ಕೂಡಬೇಕು. ಬರಿದಾಗಿ ಬಿಟ್ಟರೆ ಮೇಳದ ಹಾಡು ಗೋಡೆಗೆ ಹಾಡಿದಂತಾಗುವುದು.

ಉಳಿದವರನ್ನು ಸಂಕ್ಷೇಪವಾಗಿ ಮುಗಿಸಬಹುದು. ಬ್ರೌನಿಂಗನು 1871ರಲ್ಲಿ 'ಬಲಾಸ್ಟಿಯನಳ ಸಾಹಸ' ಎಂಬ ಕಾವ್ಯದೊಳಗೆ ಯೂರಿಪಿಡೀಸನ ಆಲ್ಸೆಸ್ಟಿಸ್ ನಾಟಕವನ್ನು ಅಡಗಿಸಿಟ್ಟನು. ಸಿರಕ್ಯೂಸಿನಲ್ಲಿ ಸೆರೆಸಿಕ್ಕ ಅಥೆನ್ಸಿನ ಯೋಧರಲ್ಲಿ ಕೆಲವರು ಯೂರಿಪಿಡೀಸನ ಪದ್ಯಗಳನ್ನು ಹೇಳಿ ಬಿಡುಗಡೆ ಪಡೆದರೆಂದು ಪ್ಲೂಟಾರ್ಕನು ಬರೆದಿರುವುದೇ ಅದಕ್ಕೆ ಬೀಜ. ಅವನೇ 1877ರಲ್ಲಿ ಅಗಮೆಮ್ನಾನ್ ನಾಟಕವನ್ನು ಪದಕ್ಕೆ ಪದವಿಟ್ಟು ಅನುವಾದಿಸಿದಾಗ, ಅರ್ಥವಾಗಬೇಕಾದರೆ ಪಕ್ಕದಲ್ಲಿ ಮೂಲವನ್ನಿಟ್ಟುಕೊಳ್ಳಬೇಕೆಂದು ಜನ ಹಾಸ್ಯಮಾಡಿದರು. ರಾಬರ್ಟ್ ಬ್ರಿಜಸ್ಸನ 'ಪ್ರೊಮಿಥಿಯಸ್' 1883ರಲ್ಲಿ ಬಂದಿತು, ನಯವಾದ ಕೃತಿ. ರಂಗಭೂಮಿಯ ಕಡೆಯಲ್ಲಿ, ಮೆಂಡೆಲ್ಸನ್ನನ ಸಂಗೀತದೊಡನೆ ಆಂಟಿಗೊನೆ 1845ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ ಆಡಲ್ಪಟ್ಟಿತು. ಆಕ್ಸ್‌ಫರ್ಡಿನವರು 1880ರಲ್ಲಿ, ಕೇಂಬ್ರಿಜಿನವರು 1882ರಲ್ಲಿ ಮೂಲ ಗ್ರೀಕಿನಲ್ಲಿಯೇ ನಾಟಕವಾಡಿದರು. ಆದರೆ ಮೇಲೆ ಹೇಳಿದ ಕವಿಗಳ ನಾಟಕಗಳು ಬಹುಮಟ್ಟಿಗೆ ದೀಪದ ಮುಂದೆ ಒಬ್ಬನೇ ಕುಳಿತು ಓದುವವನಿಗಾಗಿ ಹುಟ್ಟಿದುವು. ಸಾವಿರಾರು ಜನರ ಉತ್ಸವದ ಬದಲು ಒಂದು ಕುರ್ಚಿ.

ಸ್ವಿನ್‌ಬರ್ನನು ಪಂಡಿತರ ಆಕ್ಷೇಪವನ್ನು ಮರೆತಿರಲಿಲ್ಲ. 1876ರಲ್ಲಿ ಅವನು ಪ್ರಕಟಿಸಿದ 'ಎರೆಕ್ಥಿಯಸ್' ನಾಟಕದಲ್ಲಿ ದೇವದೂಷಣೆಯಿಲ್ಲ, ಹಾಡುಗಳ ಉಕ್ಕುವಿಕೆಗೂ ಒಡ್ಡು ಬಿದ್ದಿದೆ. ಥ್ರೇಸಿನ ಯೂಮೋಲ್ಪಸನು ಅಥೆನ್ಸನ್ನು ಮುತ್ತಿದ್ದಾನೆ. ಅರಸನ ಮಗಳನ್ನು ಬಲಿಕೊಟ್ಟರೆ ನಗರ ಉಳಿಯುವುದೆಂದು ದೈವವಾಣಿ. ತಾಯಿ ಪ್ರಾಕ್ಸಿಥಿಯಾ ಮಗಳನ್ನು ಒಪ್ಪಿಸುತ್ತಾಳೆ. ಮಗಳು ಒಪ್ಪಿ ನಡೆಯುತ್ತಾಳೆ. ನಗರ ಉಳಿಯುತ್ತದೆ, ಅರಸನೂ ಉಳಿದ ಮಕ್ಕಳೂ ಉಳಿಯುವುದಿಲ್ಲ. ಇದನ್ನು ಕವಿಯು ತನ್ನ ತಾಯಿಗೆ ಅರ್ಪಿಸಿದನು. ಒಂದು ನಾಟಕದಲ್ಲಿ ಸೋದರರಿಗಾಗಿ ಮಗನನ್ನು ಸುಟ್ಟ ತಾಯಿ; ಇನ್ನೊಂದರಲ್ಲಿ ಊರಿಗಾಗಿ ಮಗಳನ್ನು ಕೊಟ್ಟ ತಾಯಿ. ಎರಡನೆಯದೇ ಹೆಚ್ಚು ಗ್ರೀಕ್ ಎಂದು ಬಲ್ಲವರು ಒಪ್ಪುತ್ತಾರೆ. ಮೊದಲನೆಯದನ್ನೇ ಹೆಚ್ಚಾಗಿ ಓದುತ್ತಾರೆ.

ಸ್ವಿನ್‌ಬರ್ನನು ಬರೆಯುವಾಗ ಯೂರಿಪಿಡೀಸನ ಎರೆಕ್ಥಿಯಸ್ ನಾಟಕದಲ್ಲಿ ಮುಖ್ಯವಾಗಿ ಉಳಿದಿದ್ದುದು, ಲೈಕರ್ಗಸ್ ಎಂಬ ವಾಗ್ಮಿಯು ನ್ಯಾಯಸಭೆಯಲ್ಲಿ ಉದಾಹರಿಸಿದ ಪ್ರಾಕ್ಸಿಥಿಯಳ ಮಾತಿನ 55 ಸಾಲುಗಳು. ಅದಾಗಿ ತೊಂಬತ್ತು ವರ್ಷಗಳ ಮೇಲೆ, 1967ರಲ್ಲಿ, ಈಜಿಪ್ಟಿನ ಶವಪೆಟ್ಟಿಗೆಯ ಹೊದಿಕೆಗೆ ಬಳಸಿದ್ದ ಹಳೆಯ ಹಾಳೆಗಳಿಂದ ಆ ನಾಟಕದ ಕೊನೆಯ ಭಾಗವು ಬಿಡಿಸಲ್ಪಟ್ಟು ಪ್ರಕಟವಾಯಿತು. ಅದರಲ್ಲಿ ಅಥೀನಾ ದೇವಿ ಬಂದು, ಸತ್ತ ಕನ್ಯೆಯರಿಗೆ ವರ್ಷವರ್ಷವೂ ಬಲಿಪೂಜೆ ನಡೆಯಲೆಂದು ವಿಧಿಸುತ್ತಾಳೆ; ಅರಸನಿಗೆ ಗುಡಿಯನ್ನು ಕಟ್ಟಿಸುತ್ತಾಳೆ; ಮಕ್ಕಳನ್ನು ಕಳೆದುಕೊಂಡ ಪ್ರಾಕ್ಸಿಥಿಯಳನ್ನು ತನ್ನ ಅರ್ಚಕಿಯನ್ನಾಗಿ ಮಾಡುತ್ತಾಳೆ. ಅದನ್ನು ನೋಡಿದ ಪ್ರೇಕ್ಷಕನು ಎದ್ದು ಅದೇ ಗುಡ್ಡವನ್ನು ಹತ್ತಿದರೆ ಎರೆಕ್ಥಿಯಸ್ಸನಿಗೆ ಪೂಜೆ ಸಲ್ಲುವ ಸ್ಥಳವನ್ನು ಕಾಣಬಹುದಾಗಿತ್ತು. ಸ್ವಿನ್‌ಬರ್ನನೂ ಕೊನೆಯಲ್ಲಿ ಅಥೀನೆಯನ್ನು ಕರೆತಂದಿದ್ದಾನೆ. ಅವನ ಓದುಗನಿಗೆ ಹತ್ತಲು ಗುಡ್ಡವಿರಲಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಎದ್ದುದು 1929ರಲ್ಲಿ. ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ಅಜಾಕ್ಸ್ ನಾಟಕದ ಕಟ್ಟನ್ನು ತೆಗೆದುಕೊಂಡು 'ಅಶ್ವತ್ಥಾಮನ್' ಬರೆದರು. 1935ರಲ್ಲಿ 'ಪಾರಸಿಕರು' ಎಂಬ ಹೆಸರಿನಿಂದ ಈಸ್ಕಿಲಸ್ಸನ ನಾಟಕವೊಂದನ್ನು ಇದ್ದಂತೆಯೇ ತಂದರಾದರೂ, ಮೊದಲನೆಯದರಲ್ಲಿ ಗ್ರೀಕ್ ವೀರನ ಸ್ಥಾನದಲ್ಲಿ ಮಹಾಭಾರತದ ದ್ರೋಣಪುತ್ರನನ್ನು ನಿಲ್ಲಿಸಿ, ಅಜಾಕ್ಸನ ಹಾಗೆಯೇ ಅವನಿಗೂ ತನ್ನ ಕೈಯಿಂದಲೇ ಮರಣವನ್ನು ತಂದರು. ಕೂಡಲೆ ಆಕ್ಷೇಪಣೆಗಳು ಎದ್ದುವು. ಲಂಡನ್ನಿನಲ್ಲಿ ಮೆಲಿಯೇಗರನ ಪರವಾಗಿ ನೊಂದುಕೊಂಡವರು ಯಾರೂ ಇರಲಿಲ್ಲ. ಆರ್ಟೆಮಿಸಳಿಗೆ ಅವಮಾನವಾಯಿತೆಂದು ಯಾರೂ ಕಾಗದದ ಪಟ್ಟಿ ಅಂಟಿಸಲಿಲ್ಲ. ಇಲ್ಲಿ ಮಾತ್ರ, ಚಿರಂಜೀವಿಯನ್ನು ಕೊಲ್ಲಲು ಕವಿಗೆ ಅಧಿಕಾರವೆಲ್ಲಿಯದು ಎಂದು ಕೇಳಿದರು. ಕೇಳಿದವರ ಮನೆಗಳಲ್ಲಿ ಮಕ್ಕಳ ವರ್ಧಂತಿಯ ದಿನ ಚಿರಂಜೀವಿಗಳನ್ನು ಸ್ಮರಿಸುವಾಗ ಮೊದಲು ಬರುತ್ತಿದ್ದ ಹೆಸರು ಅಶ್ವತ್ಥಾಮನದು.